ಘಟ್ಟದ ಬುಡದ ಲೆಕ್ಕ

ಬೆಂಗಳೂರಿನ ಹಲವು ವೃತ್ತಗಳಲ್ಲಿ ಈಗ ಕ್ಯಾಮೆರಾ ವಾಹನಗಳ ಸಾಲನ್ನು ಅಳೆಯುತ್ತದೆ, ಹಸಿರು ದೀಪದ ಅವಧಿ ಅದಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಆದರೆ ಅದೇ ಯಂತ್ರವನ್ನು ಉದಕಮಂಡಲದ ಚೇರಿಂಗ್ ಕ್ರಾಸಿಗೆ ತಂದರೂ ಮೇ ತಿಂಗಳ ದಟ್ಟಣೆ ಕರಗದು. ಸಿಗ್ನಲ್ ಇರುವ ರಸ್ತೆಯನ್ನು ಹಂಚಿಕೊಡುತ್ತದೆಯೇ ಹೊರತು ಹೊಸ ರಸ್ತೆಯನ್ನು ಹುಟ್ಟಿಸುವುದಿಲ್ಲ. ನಾಲ್ಕೂ ದಿಕ್ಕು ತುಂಬಿದ ಮೇಲೆ ಹಂಚಲು ಏನು ಉಳಿದೀತು? ನೀಲಗಿರಿಯಲ್ಲಿ ಸಂಚಾರಕ್ಕೆ ಕಡಿವಾಣ ಬಿದ್ದದ್ದು ಪೇಟೆಯ ವೃತ್ತಕ್ಕಿಂತ ಹೆಚ್ಚಾಗಿ ಘಟ್ಟದ ದಾರಿಯಲ್ಲಿ. 1899ರಲ್ಲಿ ಕೂನೂರಿಗೆ, 1908ರಲ್ಲಿ ಉದಕಮಂಡಲಕ್ಕೆ ತಲುಪಿದ ರೈಲು ಒಂಟಿ ಹಳಿಯದು. ಮುಂದಿನ ದಾರಿ ತೆರವಾಗಿದೆಯೆಂದು ಖಚಿತವಾಗದೆ ಗಾಡಿ ಹೊರಡುವಂತಿಲ್ಲ. ರಸ್ತೆಗೂ ಅಂಥದೇ ಕಟ್ಟಳೆಗಳು ಬಂದವು. ಇಕ್ಕಟ್ಟಾದ ಮಲೆದಾರಿಯಲ್ಲಿ ಇಳಿಯುವ ವಾಹನ ನಿಂತು ಏರುವ ವಾಹನಕ್ಕೆ ಎಡೆ ಕೊಡಬೇಕೆಂದು 1989ರ ರಸ್ತೆ ನಿಯಮವೇ ಹೇಳಿತ್ತು. ಬೇಸಿಗೆಯ ಸೀಸನ್ನಿನಲ್ಲಿ ಕೂನೂರು ದಾರಿಯಲ್ಲಿ ಏರಿಸಿ ಕೋತಗಿರಿ ದಾರಿಯಲ್ಲಿ ಇಳಿಸುವ ಏಕಮುಖ ಪದ್ಧತಿ ಬಂತು. ಮಸಿನಗುಡಿಯ ಕಡೆಗಿನ 36 ಕಡಿದಾದ ತಿರುವುಗಳ ಕಲ್ಲಟ್ಟಿ ಘಟ್ಟದಲ್ಲಿ ಹೊರಗಿನ ವಾಹನಗಳು ಇಳಿಯದಂತೆ ತಡೆಯಲಾಯಿತು. ಗೂಡಲೂರಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯಂತೂ 2009ರಿಂದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಅಲ್ಲಿ ದಾರಿಯ ಮೊದಲ ಹಕ್ಕು ಆನೆಯದು, ಅದು ನ್ಯಾಯವೇ.

ಈ ಸಾಲಿಗೆ ಸೇರಿದ್ದು ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಂದು ಶುರುವಾದ, ಹೊರಗಿನ ವಾಹನಗಳು ನೀಲಗಿರಿಗೆ ಬರಲು ಪಡೆಯಬೇಕಾದ ಇ-ಪಾಸ್. ಮೊದಲ ವರ್ಷ ಕೇಳಿದವರಿಗೆಲ್ಲ ಪಾಸು ಸಿಕ್ಕಿತು. ಅದು ಬರೀ ಎಣಿಕೆಯಾಯಿತು. 2025ರ ಬೇಸಿಗೆಗೆ ನ್ಯಾಯಾಲಯ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಹಾಕಿತು, ಸ್ಥಳೀಯ ವಾಹನಗಳನ್ನು ಆ ಮಿತಿಯಿಂದ ಹೊರಗಿಟ್ಟಿತು. ಪ್ರವಾಸಿಗರನ್ನೇ ನಂಬಿದ ಅಂಗಡಿ, ವಸತಿಗೃಹಗಳ ಹೊಟ್ಟೆಗೆ ಇದು ಹೊಡೆತ ಎಂದು ವ್ಯಾಪಾರಿಗಳು ಬಾಗಿಲು ಮುಚ್ಚಿ ಪ್ರತಿಭಟಿಸಿದರು. ಎರಡು ತಿಂಗಳ ಸಂಪಾದನೆಯಲ್ಲಿ ವರ್ಷ ಕಳೆಯುವವರ ಈ ಆತಂಕವನ್ನು ತಳ್ಳಿಹಾಕಲಾಗದು. ಆದರೆ ತಿರುವಿನಲ್ಲಿ ಗಂಟೆಗಟ್ಟಲೆ ಸಿಕ್ಕಿಬಿದ್ದ ಕಾರಿನಿಂದ ಯಾವ ಅಂಗಡಿಗೂ ವ್ಯಾಪಾರವಿಲ್ಲ, ಅದರ ಹಿಂದೆ ಸಿಲುಕಿದ ತರಕಾರಿ ಲಾರಿಗೂ ಆಂಬ್ಯುಲೆನ್ಸಿಗೂ ದಾರಿಯಿಲ್ಲ. ಮಿತಿ ಇರಬೇಕೇ ಎಂಬುದಕ್ಕಿಂತ ಅದು ಎಷ್ಟು ಜಡವಾಗಿದೆ ಎಂದು ಕೇಳುವುದು ಮೇಲು. ವಾರಾಂತ್ಯಕ್ಕೊಂದು, ಉಳಿದ ದಿನಕ್ಕೊಂದು ಸಂಖ್ಯೆ ಎಂಬುದು ಗಡಿಯಾರಕ್ಕೆ ಕಟ್ಟಿಬಿದ್ದ ಹಳೆಯ ಸಿಗ್ನಲ್ಲಿನ ಬುದ್ಧಿ. ಮಳೆಗೆ ಮಣ್ಣು ಕುಸಿದ ದಿನವೂ ಬಾನು ತಿಳಿಯಾದ ದಿನವೂ ಅದಕ್ಕೆ ಒಂದೇ. ಯಾವ ದಿನ ಎಷ್ಟು ವಾಹನ ಹೊರಟಿದೆ ಎಂಬ ಲೆಕ್ಕ ಪಾಸಿನ ವ್ಯವಸ್ಥೆಯ ಕೈಯಲ್ಲೇ ಇದೆ. ಕೂನೂರು ಘಟ್ಟದ ಬುಡದ ಕಲ್ಲಾರಿನಲ್ಲಿ, ಗೂಡಲೂರಿನಲ್ಲಿ ಆಯಾ ಹೊತ್ತಿನ ದಾರಿಯ ಸ್ಥಿತಿ ನೋಡಿ ವಾಹನಗಳನ್ನು ಬಿಡುವಂತಾದರೆ ನಸುಕಿನಲ್ಲಿ ಇನ್ನಷ್ಟು ಜನ ಏರಬಹುದು, ನಡುಹಗಲಲ್ಲಿ ಕಡಿಮೆ. ವ್ಯಾಪಾರಿಗಳಿಗೂ ಒಟ್ಟು ಸಂಖ್ಯೆಯಲ್ಲಿ ಹೆಚ್ಚು ನಷ್ಟವಾಗಲಾರದು.