ಪೇಟ ಕಟ್ಟಿದ ಬಸ್ ಚಾಲಕ

1967ರಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ನಗರದ ಬಸ್ ಚಾಲಕ ತರ್ಸೇಮ್ ಸಿಂಗ್ ಸಂಧು ಕಾಯಿಲೆಯ ರಜೆ ಮುಗಿಸಿ ಕೆಲಸಕ್ಕೆ ಮರಳಿದರು. ಗಡ್ಡ ಬಿಟ್ಟಿದ್ದರು, ತಲೆಗೆ ಪೇಟ ಸುತ್ತಿದ್ದರು. ನಗರಸಭೆಯ ಸಾರಿಗೆ ವಿಭಾಗದಲ್ಲಿ ಎರಡಕ್ಕೂ ಅವಕಾಶವಿರಲಿಲ್ಲ. ಗಡ್ಡ ತೆಗೆದು ಬನ್ನಿ ಎಂದು ಮನೆಗೆ ಕಳಿಸಿದರು. ಅವರು ತೆಗೆಯಲಿಲ್ಲ.

ಮಹಾಯುದ್ಧದ ನಂತರ ಕೆಲಸಗಾರರ ಕೊರತೆಯಿದ್ದ ಬ್ರಿಟನ್ನಿಗೆ ಪಂಜಾಬಿನಿಂದ ಬಹಳಷ್ಟು ಜನ ಹೋದರು. ಕೆಲಸ ಸಿಗಲೆಂದು ಅನೇಕರು ಕೂದಲು ಕತ್ತರಿಸಿಕೊಂಡರು. ಒಪ್ಪದವರೂ ಇದ್ದರು. ಮ್ಯಾಂಚೆಸ್ಟರಿನಲ್ಲಿ 1959ರಲ್ಲಿ ಗ್ಯಾನಿ ಸುಂದರ್ ಸಿಂಗ್ ಸಾಗರ್ ಪೇಟ ಕಟ್ಟಿಕೊಂಡೇ ಬಸ್ ಕಂಡಕ್ಟರ್ ಆಗಲು ಅರ್ಜಿ ಹಾಕಿದ್ದರು. ನಗರಸಭೆ ಮಣಿದದ್ದು 1966ರಲ್ಲಿ.

ವುಲ್ವರ್‌ಹ್ಯಾಂಪ್ಟನ್ನಿನ ವಾದ ಸರಳವಾಗಿತ್ತು: ನಿಯಮ ಎಲ್ಲರಿಗೂ ಒಂದೇ. ಸಿಖ್ಖರ ಉತ್ತರವೂ ಅಷ್ಟೇ ಸರಳ: ಎರಡು ಮಹಾಯುದ್ಧಗಳಲ್ಲಿ ಬ್ರಿಟನ್ನಿಗಾಗಿ ಸಾಯುವಾಗ ಅಡ್ಡಿಯಾಗದ ಪೇಟ ಬಸ್ ಓಡಿಸಲು ಹೇಗೆ ಅಡ್ಡಿ? ಸಾವಿರಾರು ಜನ ಮೆರವಣಿಗೆ ಹೊರಟರು. ಅದೇ ಊರಿನ ಸಂಸದ ಇನಾಕ್ ಪೊವೆಲ್, 1968ರ ಏಪ್ರಿಲ್ 20ರಂದು ವಲಸಿಗರ ವಿರುದ್ಧ ಮಾಡಿದ ಕುಖ್ಯಾತ ಭಾಷಣಕ್ಕೆ ಈ ಬೇಡಿಕೆಯನ್ನೂ ಎಳೆದು ತಂದರು. ಕೊನೆಗೆ ಸೋಹನ್ ಸಿಂಗ್ ಜಾಲಿ ಎಂಬ ಹಿರಿಯರು, 1969ರ ಏಪ್ರಿಲ್ 13ರೊಳಗೆ ನಿಯಮ ಬದಲಾಗದಿದ್ದರೆ ಬೆಂಕಿ ಹಚ್ಚಿಕೊಂಡು ಸಾಯುವುದಾಗಿ ಘೋಷಿಸಿದರು. ಅಂದು ಬೈಸಾಖಿ. ಏಪ್ರಿಲ್ 9ರಂದು ಸಾರಿಗೆ ಸಮಿತಿ ನಿಷೇಧ ಹಿಂತೆಗೆದುಕೊಂಡಿತು.

ಗೆಲುವು ಸಿಕ್ಕಿತು, ಹಕ್ಕು ಸಿಗಲಿಲ್ಲ. ಸಮಿತಿ ಒತ್ತಡಕ್ಕೆ ಬಗ್ಗಿತ್ತೇ ಹೊರತು ನ್ಯಾಯವನ್ನು ಒಪ್ಪಿರಲಿಲ್ಲ. 1968ರ ಜನಾಂಗೀಯ ಸಂಬಂಧಗಳ ಕಾಯ್ದೆ ಉದ್ಯೋಗಕ್ಕೂ ಅನ್ವಯಿಸುತ್ತಿತ್ತು, ಆದರೆ ಅದರಲ್ಲಿ ಧರ್ಮದ ಮಾತಿರಲಿಲ್ಲ. 1976ರ ಕಾಯ್ದೆ ಹೊಸದೊಂದು ವಿಚಾರ ತಂದಿತು: ಎಲ್ಲರಿಗೂ ಒಂದೇ ಆಗಿ ಕಾಣುವ ನಿಯಮವೂ ಒಂದು ಗುಂಪಿನ ಮೇಲೆ ಮಾತ್ರ ಭಾರವಾಗಿ ಬಿದ್ದು, ಅದಕ್ಕೆ ತಕ್ಕ ಸಮರ್ಥನೆ ಇಲ್ಲದಿದ್ದರೆ ಅದು ತಾರತಮ್ಯವೇ.

ಇದರ ಪರೀಕ್ಷೆ ನಡೆದದ್ದು ಕೆಲಸದ ಜಾಗದಲ್ಲಲ್ಲ, ಬರ್ಮಿಂಗ್‌ಹ್ಯಾಮಿನ ಒಂದು ಶಾಲೆಯಲ್ಲಿ. ಪೇಟ ತೆಗೆಯದ ಹುಡುಗನಿಗೆ ಅಲ್ಲಿ ಪ್ರವೇಶ ಸಿಗಲಿಲ್ಲ. 1983ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸಿಖ್ಖರನ್ನು ಜನಾಂಗೀಯ ಸಮುದಾಯವೆಂದು ಒಪ್ಪಿತು. ಆದರೆ ಹುಡುಗನಿಗೆ ನಿಯಮ ಪಾಲಿಸಲು ‘ಸಾಧ್ಯ’ವಿತ್ತಲ್ಲ, ಪೇಟ ಬಿಚ್ಚಿಟ್ಟರಾಯಿತು ಎಂಬ ಪ್ರಶ್ನೆ ಉಳಿದಿತ್ತು. ಕೈಯಿಂದ ಬಿಚ್ಚಲಾಗುವುದಷ್ಟೇ ಸಾಧ್ಯವಲ್ಲ, ತನ್ನ ಸಮುದಾಯದ ನಡಾವಳಿಗೆ ಹೊಂದಿಕೊಂಡು ಮಾಡಲಾಗುವುದೇ ಸಾಧ್ಯ ಎಂದರು ನ್ಯಾಯಮೂರ್ತಿಗಳು. ಒಂದು ಕ್ರಿಯಾಪದದ ಅರ್ಥದ ಮೇಲೆ ಎಷ್ಟೋ ಜನರ ಅನ್ನ ನಿಂತಿತ್ತು.

1989ರ ಕಾಯ್ದೆ ಕಟ್ಟಡ ಕೆಲಸದಲ್ಲಿ ಪೇಟ ಕಟ್ಟಿದ ಸಿಖ್ಖರಿಗೆ ಹೆಲ್ಮೆಟ್ಟಿನಿಂದ ವಿನಾಯಿತಿ ಕೊಟ್ಟಿತು. ಧರ್ಮದ ಆಧಾರದ ತಾರತಮ್ಯವನ್ನು ಬ್ರಿಟನ್ನಿನ ಉದ್ಯೋಗ ಕ್ಷೇತ್ರದಲ್ಲಿ ನೇರವಾಗಿ ನಿಷೇಧಿಸಿದ್ದು 2003ರಲ್ಲಿ.

ಹಾಗೆಂದು ಈ ಹಕ್ಕಿಗೆ ಎಲ್ಲೆ ಇಲ್ಲದಿಲ್ಲ. 2013ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಬ್ರಿಟನ್ನಿನ ಇಬ್ಬರು ಕ್ರೈಸ್ತ ಮಹಿಳೆಯರ ಬಗ್ಗೆ ಒಂದೇ ದಿನ ತೀರ್ಪಿತ್ತಿತು. ಕೊರಳ ಶಿಲುಬೆಗಾಗಿ ಹೋರಾಡಿದ ವಿಮಾನ ಸಂಸ್ಥೆಯ ಉದ್ಯೋಗಿ ಗೆದ್ದರು. ಆಸ್ಪತ್ರೆಯ ದಾದಿ ಸೋತರು. ಒಂದು ಕಡೆ ಇದ್ದದ್ದು ಸಂಸ್ಥೆಯ ವರ್ಚಸ್ಸಿನ ಪ್ರಶ್ನೆ, ಇನ್ನೊಂದು ಕಡೆ ರೋಗಿಗಳ ಸುರಕ್ಷತೆ. ಸಂಧು ಅವರನ್ನು ಮನೆಗೆ ಕಳಿಸಿದ ದಿನ ಯಾರೂ ಕೇಳದೆ ಬಿಟ್ಟದ್ದು ಇದನ್ನೇ: ಈ ನಿಯಮ ಯಾರನ್ನು ಕಾಯುತ್ತಿದೆ?