ಮಂತ್ರಕ್ಕೂ ಕತ್ತಿಗೂ ಸಮತೂಕ

ನಾಲ್ಕೈದು ಮಂದಿ ಹುಡುಗರು ಮೇಜಿನ ಸುತ್ತ ಕುಳಿತು, ಕಾಗದ, ಪೆನ್ಸಿಲು, ದಾಳಗಳನ್ನು ಮುಂದಿಟ್ಟುಕೊಂಡು, ಒಬ್ಬನು ಯೋಧನೆಂದೂ ಇನ್ನೊಬ್ಬನು ಮಾಂತ್ರಿಕನೆಂದೂ ಹೇಳಿಕೊಂಡು ಗಂಟೆಗಟ್ಟಲೆ ಕಥೆ ಕಟ್ಟುವ ಆಟವನ್ನು ತಾವು ಕಂಡಿರಬಹುದು. ಕಾಣದಿದ್ದರೆ ಮೊಮ್ಮಕ್ಕಳನ್ನು ಕೇಳಿದರೆ ಹೇಳಿಯಾರು. ಅದರ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಕಥೆ ನಡೆಸುವ ಸೂತ್ರಧಾರನೊಬ್ಬ, ಉಳಿದವರೆಲ್ಲ ಪಾತ್ರಧಾರಿಗಳು. ಹೊಡೆತ ತಗುಲಿತೋ ತಪ್ಪಿತೋ ಎಂಬುದು ದಾಳದ ತೀರ್ಪು. ಈ ಆಟದ ಐವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯಲ್ಲಿ ಬಿಡದೆ ಕಾಡಿದ ಪ್ರಶ್ನೆಯೊಂದುಂಟು: ಮಂತ್ರ ಬಲ್ಲವನು ಜೊತೆಯಲ್ಲಿರುವಾಗ ಕತ್ತಿ ಹಿಡಿದವನಿಗೆ ಮಾಡಲು ಏನು ಉಳಿಯುತ್ತದೆ? ಹುಡುಗಾಟದ ಮಾತೆಂದು ತಳ್ಳಿಹಾಕಬೇಡಿ. ಸಂಜೆಯೆಲ್ಲ ಬಾಯಿ ಕಟ್ಟಿಕೊಂಡು ಗೆಳೆಯನ ಪರಾಕ್ರಮವನ್ನೇ ನೋಡುತ್ತ ಕುಳಿತವನು ಮುಂದಿನ ವಾರ ಆಟಕ್ಕೆ ಬಾರನು.

ಈ ತೊಡಕು ಹುಟ್ಟಿನಿಂದಲೇ ಬಂದದ್ದು. 1971ರಲ್ಲಿ ಅಮೆರಿಕೆಯ ಗ್ಯಾರಿ ಗೈಗಾಕ್ಸ್ ಮತ್ತು ಜೆಫ್ ಪೆರೆನ್ ಎಂಬವರು ‘ಚೈನ್‌ಮೇಲ್’ ಎಂಬ, ಪುಟ್ಟ ಸೈನಿಕರ ಬೊಂಬೆಗಳಿಂದ ಆಡುವ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದರು. ಅದರ ಅನುಬಂಧದಲ್ಲಿ ಮಾಂತ್ರಿಕನೂ ಬಂದ. ಅವನು ಎಸೆಯುವ ಬೆಂಕಿಯ ಚೆಂಡು, ಕಲ್ಲೆಸೆಯುವ ದೊಡ್ಡ ಯಂತ್ರದ ಹೊಡೆತದಷ್ಟೇ ಜಾಗವನ್ನು ಆಕ್ರಮಿಸಬೇಕೆಂದು ನಿಯಮ. ಎಂದರೆ ಮಾಂತ್ರಿಕನೆಂಬುವನು ಮೂಲದಲ್ಲಿ ನಿಲುವಂಗಿ ತೊಟ್ಟ ಫಿರಂಗಿ! ಗೈಗಾಕ್ಸ್ ಅವರು ಡೇವ್ ಆರ್ನೆಸನ್ ಅವರೊಡನೆ ಸೇರಿ 1974ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಊರಿನಿಂದ ಹೊಸ ಆಟವನ್ನು ಹೊರತಂದಾಗ (ಮೂರು ಕಿರುಪುಸ್ತಕಗಳ ಪೆಟ್ಟಿಗೆ, ಮೊದಲ ಮುದ್ರಣ 1000 ಪ್ರತಿ) ಆ ಫಿರಂಗಿಯನ್ನೂ ಒಬ್ಬ ಸಿಪಾಯಿಯನ್ನೂ ಜೋಡಿಯಾಗಿ ನಿಲ್ಲಿಸಬೇಕಾಯಿತು.

ಅದಕ್ಕೆ ಅವರು ಕಂಡುಕೊಂಡ ಉಪಾಯ ಮಾಂತ್ರಿಕನ ಕೈಕಾಲು ಕಟ್ಟುವುದು. ಅವನಿಗೆ ಕವಚವಿಲ್ಲ; ಕಠಾರಿಯ ಹೊರತು ಆಯುಧವಿಲ್ಲ. ಆರಂಭದಲ್ಲಿ ದಿನಕ್ಕೊಂದೇ ಮಂತ್ರ, ಅದೂ ಪ್ರಯೋಗಿಸಿದ ಕೂಡಲೆ ಮನಸ್ಸಿನಿಂದ ಅಳಿಸಿಹೋಗಬೇಕು. ಈ ಮರೆವಿನ ಕಲ್ಪನೆಯನ್ನು ಜ್ಯಾಕ್ ವ್ಯಾನ್ಸ್ ಎಂಬ ಕಥೆಗಾರರ, 1950ರಲ್ಲಿ ಬಂದ ‘ದಿ ಡೈಯಿಂಗ್ ಅರ್ತ್’ ಪುಸ್ತಕದಿಂದ ಪಡೆದರು. ಭಾರತ ಕಥೆ ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ. ಇಂದ್ರನಿತ್ತ ಶಕ್ತ್ಯಾಯುಧ ಕರ್ಣನಿಗೆ ಒಂದೇ ಬಾರಿಗೆ. ಅರ್ಜುನನಿಗೆಂದು ಕಾದಿಟ್ಟದ್ದನ್ನು ಘಟೋತ್ಕಚನ ಮೇಲೆ ಎಸೆಯಬೇಕಾಗಿ ಬಂದಾಗ ಅವನಿಗಾದ ಸಂಕಟವನ್ನು ನೆನೆದರೆ, ಒಂದೇ ಮಂತ್ರವುಳ್ಳ ಮಾಂತ್ರಿಕನ ಪಾಡು ತಿಳಿಯುತ್ತದೆ.

1975ರ ‘ಗ್ರೇಹಾಕ್’ ಎಂಬ ಪುರವಣಿ ಪ್ರಾಣಬಲದಲ್ಲಿಯೂ ಅಂತರ ಮಾಡಿತು. ಯೋಧನಿಗೆ ಎಂಟು ಮುಖದ ದಾಳ, ಮಾಂತ್ರಿಕನಿಗೆ ನಾಲ್ಕು ಮುಖದ್ದು. ಒಂದು ಬಿದ್ದರೆ, ಪಾಪ, ಮನೆಯ ಬೆಕ್ಕು ಪರಚಿದರೂ ಅವನ ಕಥೆ ಮುಗಿಯಿತು. 1978ರ ನಿಯಮಗಳಲ್ಲಿ, ಮಂತ್ರ ಜಪಿಸುವಷ್ಟರಲ್ಲಿ ಒಂದು ಪೆಟ್ಟು ತಗುಲಿದರೆ ಮಂತ್ರವೇ ವ್ಯರ್ಥ. ಆದ್ದರಿಂದ ಯೋಧನು ಎದುರು ನಿಂತು ಕಾಯಲೇಬೇಕು. ಅವನ ಮರ್ಯಾದೆ ಉಳಿದದ್ದು ಇಲ್ಲಿಯೇ.

ಆದರೆ ಲೆಕ್ಕ ಹಾಕಿ ನೋಡಿ. ಮೊದಲ ಪುಸ್ತಕಗಳಲ್ಲಿ ಕತ್ತಿಯ ಪೆಟ್ಟಿಗೆ ಆರು ಮುಖದ ಒಂದು ದಾಳ, ಸರಾಸರಿ ಮೂರೂವರೆ. ಬೆಂಕಿಯ ಚೆಂಡಿಗಾದರೋ ಮಾಂತ್ರಿಕನ ಹಂತವೆಷ್ಟೋ ಅಷ್ಟು ದಾಳ: ಹತ್ತನೆಯ ಹಂತದಲ್ಲಿ ಸರಾಸರಿ 35, ಅದೂ ಒಬ್ಬನಿಗಲ್ಲ, ಸುತ್ತಲಿದ್ದವರಿಗೆಲ್ಲ. ಹಂತವೇರುವ ಬೆಲೆಯಲ್ಲಿಯೂ ವಿಚಿತ್ರವಿದೆ. 1978ರ ಪುಸ್ತಕದಲ್ಲಿ ಎರಡನೆಯ ಹಂತಕ್ಕೆ ಯೋಧನಿಗೆ 2001 ಅನುಭವಾಂಕ, ಮಾಂತ್ರಿಕನಿಗೆ 2501, ನ್ಯಾಯವೇ. ಒಂಬತ್ತನೆಯದಕ್ಕೆ ಬಂದರೆ ಯೋಧನಿಗೆ 2,50,001, ಮಾಂತ್ರಿಕನಿಗೆ ಬರಿಯ 1,35,001! ಅಷ್ಟು ಹೊತ್ತಿಗೆ ಯೋಧನಿಗೆ ಕೋಟೆ ಕಟ್ಟುವ, ಸೈನ್ಯ ಕೂಡಿಸುವ ಹಕ್ಕು ಬರುತ್ತಿತ್ತು, ನಿಜ. ಸೂತ್ರಧಾರನು ಕೋಟೆಯ ಕಥೆಯನ್ನೇ ನಡೆಸದಿದ್ದರೆ ಅದು ಕಾಗದದ ಕೋಟೆ. ಒಟ್ಟಿನಲ್ಲಿ ಹಳೆಯ ತಕ್ಕಡಿ ಒಂದು ಯುದ್ಧವನ್ನು ತೂಗುತ್ತಿರಲಿಲ್ಲ, ಇಡೀ ಆಯುಷ್ಯವನ್ನು ತೂಗುತ್ತಿತ್ತು: ಎಳೆತನದಲ್ಲಿ ಯೋಧನ ಮೇಲುಗೈ, ಬದುಕುಳಿದರೆ ಮಾಂತ್ರಿಕನದು. ವರ್ಷಗಟ್ಟಲೆ ಆಡುವವರಿಗೆ ಇದು ಒಪ್ಪುವ ಕರಾರು. ನಾಲ್ಕು ಭಾನುವಾರ ಆಡಿ ಬಿಡುವವರಿಗೆ ಅಲ್ಲವೆಂದೇ ನನ್ನ ಅಭಿಪ್ರಾಯ.

1997ರಲ್ಲಿ ಆಟವು ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯ ಕೈಸೇರಿತು. 2000ದ ಮೂರನೆಯ ಆವೃತ್ತಿ ಗೋಜಲನ್ನೆಲ್ಲ ಸವರಿ ಅಚ್ಚುಕಟ್ಟು ಮಾಡಿತು. ಎಲ್ಲರಿಗೂ ಒಂದೇ ಅನುಭವಾಂಕದ ಪಟ್ಟಿ. ಪೆಟ್ಟು ತಿಂದರೂ ಏಕಾಗ್ರತೆಯ ಪರೀಕ್ಷೆಯಲ್ಲಿ ಗೆದ್ದರೆ ಮಂತ್ರ ಉಳಿಯಿತು. ಮೊದಲು ಬಲಾಢ್ಯ ವೈರಿ ಹಂತವೇರಿದಂತೆ ಮಂತ್ರವನ್ನು ಸುಲಭವಾಗಿ ತಡೆಯುತ್ತಿದ್ದ. ಈಗ ಮಾಂತ್ರಿಕನ ಬುದ್ಧಿ ಬೆಳೆದಂತೆ ತಡೆಯುವ ಕಷ್ಟವೂ ಬೆಳೆಯಿತು. ಯೋಧನಿಗೋ, ಐದಡಿಗಿಂತ ಹೆಚ್ಚು ನಡೆದರೆ ಒಂದೇ ಹೊಡೆತ! ಕಟ್ಟುಗಳು ಏಕೆ ಇದ್ದುವೆಂದು ವಿಚಾರಿಸದೆ ಒಂದೊಂದಾಗಿ ಬಿಚ್ಚಿದ ಫಲವಿದು.

2008ರ ನಾಲ್ಕನೆಯ ಆವೃತ್ತಿ ಇದಕ್ಕೆ ವಿರುದ್ಧ ದಿಕ್ಕಿಗೆ ಹಾರಿತು. ಯೋಧನಿಗೂ ಮಾಂತ್ರಿಕನಿಗೂ ಒಂದೇ ಅಚ್ಚಿನ ಶಕ್ತಿಗಳು: ಬೇಕಾದಾಗಲೆಲ್ಲ ಬಳಸುವವು, ಕಾಳಗಕ್ಕೊಮ್ಮೆ ಬಳಸುವವು, ದಿನಕ್ಕೊಮ್ಮೆ ಬಳಸುವವು. ತಕ್ಕಡಿ ನೇರವಾಯಿತು, ಆದರೆ ಎಲ್ಲ ಪಾತ್ರಗಳೂ ಒಂದೇ ರುಚಿಯಾದುವೆಂದು ಅನೇಕರು ಮುನಿದು, 2009ರಲ್ಲಿ ಹಳೆಯ ನಿಯಮಗಳ ಮೇಲೆಯೇ ಕಟ್ಟಿದ ‘ಪಾತ್‌ಫೈಂಡರ್’ ಎಂಬ ಆಟಕ್ಕೆ ಹೋದರು.

2014ರ ಐದನೆಯ ಆವೃತ್ತಿಯದು ರಾಜಿಯ ಹಾದಿ. ಸಣ್ಣ ಮಂತ್ರಗಳಿಗೆ ಮಿತಿಯಿಲ್ಲ. ಬಹುಕಾಲ ನಿಲ್ಲುವ ದೊಡ್ಡ ಮಂತ್ರಗಳಲ್ಲಿ ಹೆಚ್ಚಿನವಕ್ಕೆ ಏಕಾಗ್ರತೆ ಬೇಕು, ಅಂಥದು ಒಂದು ಕಾಲಕ್ಕೆ ಒಂದೇ. ಬೆಂಕಿಯ ಚೆಂಡು ತಾನಾಗಿ ಬೆಳೆಯುವುದಿಲ್ಲ. ಎಂಟು ದಾಳಕ್ಕಿಂತ ಹೆಚ್ಚು ಬೇಕಾದರೆ ಮೇಲಿನ ದರ್ಜೆಯ ಮಂತ್ರಬಲವನ್ನೇ ವೆಚ್ಚ ಮಾಡಬೇಕು. 2024ರ ಪರಿಷ್ಕರಣದಲ್ಲಿ ಯೋಧನಿಗೆ ಆಯುಧನೈಪುಣ್ಯವೂ ಸೇರಿತು: ಈ ಆಯುಧದಿಂದ ವೈರಿಯನ್ನು ಕೆಡವಬಹುದು, ಆ ಆಯುಧದಿಂದ ಹಿಂದಕ್ಕೆ ನೂಕಬಹುದು. ಇಪ್ಪತ್ತನೆಯ ಹಂತ ಮುಟ್ಟಿದ ಯೋಧನಿಗೆ ಒಂದು ಸರದಿಗೆ ನಾಲ್ಕು ಹೊಡೆತ. ಮಾಂತ್ರಿಕನಿಗೆ ಅದಕ್ಕೂ ಮೂರು ಹಂತ ಮೊದಲೇ, 1975ರಲ್ಲಿ ಪುಸ್ತಕ ಸೇರಿದ ‘ವಿಷ್’ ಎಂಬ, ಬೇಡಿದ್ದನ್ನು ಆಗಿಸುವ ಮಂತ್ರ ಇಂದಿಗೂ ದೊರೆಯುತ್ತದೆ.