‘ಪಿಕಪ್’ ನಮ್ಮೂರಿಗೆ ಬಂದ ದಾರಿ

ಇವತ್ತು ಒಂದೇ ಒಂದು ಶಬ್ದದ ಕಥೆ: ಪಿಕಪ್. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ದಿನಕ್ಕೆ ಹತ್ತು ಸಲ ಆಡ್ತೀವಿ. ಅದೇ ಶಬ್ದ ಇಂಟರ್ವ್ಯೂದಾಗ ಇಂಗ್ಲಿಷ್ ವಾಕ್ಯದೊಳಗ ಬಂದ್ರೆ ಬಾಯಿ ಕಟ್ಟತೈತಿ.

ಇಂಗ್ಲಿಷ್‌ನಲ್ಲಿ ‘ಪಿಕ್’ ಅಂದ್ರೆ ಆರಿಸು. ಮುಂದೆ ‘ಅಪ್’ ಸೇರಿದ್ರೆ ಎತ್ತು. ಇಂಥ ಜೋಡಿಗೆ ಫ್ರೇಸಲ್ ವರ್ಬ್ ಅಂತಾರೆ. 1925ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ಸಾಮಾನು ಹೇರುವ ತೆರೆದ ಪೆಟ್ಟಿಗೆ ಕೂಡಿಸಿ 281 ಡಾಲರಿಗೆ ಮಾರಿತು. ಹೆಸರಲ್ಲೇ ‘ಪಿಕಪ್ ಬಾಡಿ’ ಅಂತಿತ್ತು. ಹಿಂಗ ಕ್ರಿಯಾಪದ ಗಾಡಿಯಾಯ್ತು.

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ತರ್ತಿದ್ದ ಚಕ್ಕಡಿ ಎತ್ತಿನ ಕೆಲಸ ಈಗ ಪಿಕಪ್ ಮಾಡತೈತಿ. ಕನ್ನಡದಾಗ ‘ಎತ್ತು’ ಅಂದ್ರೆ ಬಸವಣ್ಣನೂ ಹೌದು, ‘ಪಿಕ್ ಅಪ್’ ಅನ್ನೋದರ ಅರ್ಥವೂ ಹೌದು! ಬರೀ ಕಾಕತಾಳೀಯ, ಆದ್ರೂ ನಂಗ ಭಾಳ ಇಷ್ಟ.

ನಮ್ಮ ಬಾಯಿಗೆ ಬಂದ ಮೇಲೆ ಅದು ನಾಮಪದವಾಗಿ ಕೂತಿತು. ನಾವು ‘ಮಾಡು’, ‘ಆಗು’ ಹಚ್ಚಿದ್ವಿ. ‘ಬಸ್ ಸ್ಟ್ಯಾಂಡಿನಾಗ ಪಿಕಪ್ ಮಾಡ್ಕೋ’, ‘ಬೈಕಿಗೆ ಪಿಕಪ್ ಇಲ್ಲ’, ‘ರೇಟ್ ಪಿಕಪ್ ಆತು’. ಫೋನಿಗೆ ಮಾತ್ರ ಕನ್ನಡದ್ದೇ ಉಳೀತು. ರಿಸೀವರ್ ಹೋಗಿ ಸ್ಕ್ರೀನ್ ಉಜ್ಜೋ ಕಾಲ ಬಂದ್ರೂ ‘ಫೋನ್ ಎತ್ತವಲ್ಲ’ ಅಂತೀವಿ.

ಇದರಾಗ ಭಾರ ಇರೋದು ರೇಟಿನ ಮಾತಿಗೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಹೆಸರು ಬಂತು ಅಂತ ದರ ನಿಲ್ಲೋದಿಲ್ಲ. 2024ರ ಮಾರ್ಚ್ 11, ಸೋಮವಾರ, ದರ ಕುಸಿದಿದ್ದಕ್ಕೆ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ‘ಡಿಮ್ಯಾಂಡ್ ಪಿಕ್ಸ್ ಅಪ್’ ಅಂತ ಬರೆದು ನಾವು ಬಿಕಾಂ ಪಾಸಾದ್ವಿ. ಚೀಲ ಹೇರ್ಕೊಂಡು ಬಂದವನಿಗೆ ಅದು ವರ್ಷದ ಸಾಲದ ಪ್ರಶ್ನೆ.

ಇನ್ನು ಬಳಕೆ. ‘ಪಿಕ್ ಅಪ್ ದ ಬ್ಯಾಗ್’, ‘ಪಿಕ್ ದ ಬ್ಯಾಗ್ ಅಪ್’ ಎರಡೂ ನಡೀತಾವ. ಆದ್ರೆ ‘ಇಟ್’, ‘ಮಿ’ ಬಂದ್ರೆ ನಡುವೆಯೇ ಕೂರಬೇಕು: ‘ಪಿಕ್ ಮಿ ಅಪ್’. ‘ಪಿಕ್ ಅಪ್ ಮಿ’ ತಪ್ಪು. ದರ ತಾನಾಗಿ ಚೇತರಿಸಿಕೊಂಡ್ರೆ ‘ಪ್ರೈಸಸ್ ಪಿಕ್ಡ್ ಅಪ್’, ಅಷ್ಟೇ. ಇನ್ನೊಂದು ಅರ್ಥ, ಕ್ಲಾಸಿಗೆ ಹೋಗದೆ ಕೇಳಿ ಕೇಳಿ ಕಲಿಯೋದು. ಹೊರರಾಜ್ಯದ ವ್ಯಾಪಾರಿಗಳ ಜೊತೆ ಒಡನಾಡಿ ಹಿಂದಿ ಕಲಿತ ಹಮಾಲನ ಬಗ್ಗೆ ಹೇಳೋದಾದ್ರೆ: ‘ಹೀ ಪಿಕ್ಡ್ ಅಪ್ ಹಿಂದಿ ಇನ್ ದ ಮಾರ್ಕೆಟ್.’